ಕಲ್ಲಿದ್ದಲನ್ನು ಹುಡುಕಿಕೊಂಡು ಬಂದ ಮಣ್ಣು

ಪ್ರಶ್ನೆ: ನಮ್ಮ ಅಜ್ಜ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ಕೊಟ್ಟುಹೋದ ನೀಲಿ ಚಿತ್ರದ ದೊಡ್ಡ ತಟ್ಟೆ ಈಗಲೂ ಮನೆಯಲ್ಲಿದೆ. ಹಿಂಬದಿಯ ಮುದ್ರೆ ಮಾಸಿದೆ. ‘ಬರ್ಸ್ಲೆಮ್’, ‘ಮೇಡ್ ಇನ್ ಇಂಗ್ಲೆಂಡ್’ ಎಂಬಷ್ಟೇ ಓದಲು ಬರುತ್ತದೆ. ಪಿಂಗಾಣಿಗೆ ದನದ ಮೂಳೆ ಹಾಕುತ್ತಾರೆಂದು ಅಜ್ಜಿ ಅದನ್ನು ಕೊನೆತನಕ ಅಡುಗೆಮನೆಗೆ ಸೇರಿಸಲಿಲ್ಲ. ಅದು ನಿಜವೇ? ಹುಡುಕಿದರೆ ಇಂಗ್ಲೆಂಡಿನ ಹೆಸರುವಾಸಿ ಪಿಂಗಾಣಿ ಕಂಪನಿಗಳಲ್ಲಿ ಬಹುಪಾಲು ಬರ್ಸ್ಲೆಮ್ ಸುತ್ತಮುತ್ತಲೇ ಇದ್ದವೆಂದು ಕಾಣುತ್ತದೆ. ಎಲ್ಲ ಒಂದೇ ಕಡೆ ಯಾಕೆ? ಈಗಲೂ ಅಲ್ಲಿ ಮಾಡುತ್ತಾರೆಯೇ?

ಉತ್ತರ: ಅಜ್ಜಿಯ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಅವರು ಕೇಳಿದ್ದು ಸುಳ್ಳಲ್ಲ. ‘ಬೋನ್ ಚೈನಾ’ ಎಂಬ ಜಾತಿಯ ಪಿಂಗಾಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಟ್ಟ ದನದ ಮೂಳೆಯ ಬೂದಿಯೇ ಇರುತ್ತದೆ. ಆದರೆ ನಿಮ್ಮ ತಟ್ಟೆ ಆ ಜಾತಿಯದಲ್ಲ ಅನಿಸುತ್ತದೆ. ಹೀಗೆ ನೋಡಿ: ತಟ್ಟೆಯನ್ನು ಬಿಸಿಲು ಬೀಳುವ ಕಿಟಕಿಗೆ ಎದುರಾಗಿ ಎತ್ತಿ ಹಿಡಿದು ಹಿಂದೆ ಬೆರಳಾಡಿಸಿ. ಬೆರಳಿನ ನೆರಳು ಈಚೆ ಕಂಡರೆ ಬೋನ್ ಚೈನಾ. ಏನೂ ಕಾಣದೆ ಹಂಚಿನ ಹಾಗೆ ಮಬ್ಬಾಗಿದ್ದರೆ ಅದು ‘ಅರ್ದನ್‌ವೇರ್’, ಎಂದರೆ ಬಿಳಿ ಜೇಡಿಮಣ್ಣು, ಚಕಮಕಿ ಕಲ್ಲಿನ ಪುಡಿ ಇತ್ಯಾದಿ ಕಲಸಿ ಸುಟ್ಟದ್ದು. ಅದರಲ್ಲಿ ಮೂಳೆ ಇಲ್ಲ. ನೀಲಿ ಚಿತ್ರದ ಊಟದ ತಟ್ಟೆಗಳಲ್ಲಿ ಬಹುಪಾಲು ಇದೇ.

ಇನ್ನು ಊರಿನ ಕಥೆ. ಬರ್ಸ್ಲೆಮ್ ಇರುವುದು ಇಂಗ್ಲೆಂಡಿನ ನಡುಮಧ್ಯೆ, ಸ್ಟಾಫರ್ಡ್‌ಶೈರ್‌ನ ಉತ್ತರ ಭಾಗದಲ್ಲಿ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂತಿವೆ. 1910ರಲ್ಲಿ ಆರನ್ನೂ ಸೇರಿಸಿ ಸ್ಟೋಕ್-ಆನ್-ಟ್ರೆಂಟ್ ಎಂದು ಒಂದೇ ಆಡಳಿತ ಮಾಡಿದರು, 1925ರಲ್ಲಿ ಅದಕ್ಕೆ ನಗರದ ಪಟ್ಟ ಸಿಕ್ಕಿತು. ಇಡೀ ಸೀಮೆಗೆ ‘ದಿ ಪಾಟರೀಸ್’ ಎಂದೇ ಹೆಸರು. ನಮ್ಮ ಬಾಯಲ್ಲಿ ಹೇಳುವುದಾದರೆ ಕುಂಬಾರಗೇರಿ. ಅಲ್ಲಿನ ಫುಟ್‌ಬಾಲ್ ತಂಡ ಸ್ಟೋಕ್ ಸಿಟಿಯ ಅಡ್ಡಹೆಸರು ಕೂಡ ‘ಕುಂಬಾರರು’.

ಯಾಕೆ ಅಲ್ಲಿ? ಒಳ್ಳೆಯ ಬಿಳಿ ಮಣ್ಣು ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿದ್ದದ್ದು ಕೆಂಪಾಗಿ, ಕಂದಾಗಿ ಸುಡುವ ಒರಟು ಜೇಡಿಮಣ್ಣು. ಹದಿನೇಳನೇ ಶತಮಾನದಲ್ಲಿ ಬರ್ಸ್ಲೆಮ್‌ನ ರೈತ-ಕುಂಬಾರರು ಅದರಲ್ಲಿ ಸಂತೆಗೆ ಬೆಣ್ಣೆ ತುಂಬಿ ಒಯ್ಯುವ ಗಡಿಗೆಗಳನ್ನು ಮಾಡುತ್ತಿದ್ದರು. ಮಣ್ಣನ್ನು ಸಿಕ್ಕಲ್ಲಿ ಅಗೆಯುತ್ತಿದ್ದರು, ದಾರಿಯ ನಡುವೆಯೂ. ಹಾಗೆ ದಾರಿ ಅಗೆದವರಿಗೆ ಹದಿನೈದನೇ ಶತಮಾನದಲ್ಲೇ ದಂಡ ಹಾಕಿದ ದಾಖಲೆ ಇದೆ. (ರಸ್ತೆಗುಂಡಿಗೆ ಕಾರಣವಾದವರಿಂದ ದಂಡ ವಸೂಲಾಯಿತು ಎಂದರೆ ಬೆಂಗಳೂರಿನವರಿಗೆ ಪುರಾಣ ಕೇಳಿದಂತಾಗಬಹುದು.)

ಅಲ್ಲಿ ನಿಜವಾಗಿ ಸಮೃದ್ಧವಾಗಿದ್ದದ್ದು ಕಲ್ಲಿದ್ದಲು. ನೆಲಕ್ಕೆ ಹತ್ತಿರದಲ್ಲೇ ಪದರ ಪದರವಾಗಿ ಇತ್ತು. ಅದರಲ್ಲೂ ಉದ್ದ ಜ್ವಾಲೆಯಾಗಿ ಉರಿಯುವ, ಪಾತ್ರೆ ಸುಡುವ ಆವಿಗೆಗೆ ಹೇಳಿ ಮಾಡಿಸಿದಂಥದ್ದು. ಒಂದು ದೊಡ್ಡ ಆವಿಗೆಯನ್ನು ಒಂದು ಸಲ ಉರಿಸಲು ಹತ್ತು ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಬೇಕು, ಪಾತ್ರೆ ಮಾಡಿದ ಮಣ್ಣಿಗಿಂತ ಉರಿಸಿದ ಕಲ್ಲಿದ್ದಲಿನ ತೂಕವೇ ಹಲವು ಪಟ್ಟು. ಲೆಕ್ಕ ನೇರವಾಗಿದೆ. ಮಣ್ಣಿರುವ ಕಡೆಗೆ ಕಲ್ಲಿದ್ದಲು ಹೊರುವುದಕ್ಕಿಂತ ಕಲ್ಲಿದ್ದಲು ಇರುವ ಕಡೆಗೆ ಮಣ್ಣು ಹೊರುವುದು ಅಗ್ಗ. ಆದ್ದರಿಂದ ಬಿಳಿ ಪಾತ್ರೆಯ ಕಾಲ ಬಂದಾಗ ಮಣ್ಣೇ ಪ್ರಯಾಣ ಹೊರಟಿತು. ದಕ್ಷಿಣ ಇಂಗ್ಲೆಂಡಿನ ಡೆವನ್, ಡಾರ್ಸೆಟ್‌ನಿಂದ ಬಾಲ್ ಕ್ಲೇ ಎಂಬ ಜಿಗುಟು ಜೇಡಿಮಣ್ಣು, ಆಮೇಲೆ ಕಾರ್ನ್‌ವಾಲ್‌ನಿಂದ ಚೈನಾ ಕ್ಲೇ ಎಂಬ ಅಚ್ಚ ಬಿಳಿ ಮಣ್ಣು, ಕಡಲ ದಂಡೆಗಳಿಂದ ಚಕಮಕಿ ಕಲ್ಲು. ಇಷ್ಟೂ ಹಡಗಿನಲ್ಲಿ ಮರ್ಸಿ ನದಿಯ ಬಾಯಿಗೆ ಬಂದು, ದೋಣಿ ಬದಲಿಸಿ, ಕೊನೆಯ ಹತ್ತಾರು ಮೈಲಿ ಹೇರುಗುದುರೆಗಳ ಬೆನ್ನೇರಿ ಬರುತ್ತಿತ್ತು. ಸುಟ್ಟ ಪಾತ್ರೆಗಳೂ ಅದೇ ಬೆನ್ನ ಮೇಲೆ ವಾಪಸು. ದಾರಿಯಲ್ಲಿ ಒಡೆದವಕ್ಕೆ ಲೆಕ್ಕವಿಲ್ಲ.

ಚಕಮಕಿ ಕಲ್ಲಿನ ಬಗ್ಗೆ ಅಲ್ಲಿ ಒಂದು ಕಥೆ ಇದೆ. ಆಸ್ಟ್‌ಬರಿ ಎಂಬ ಕುಂಬಾರ ಲಂಡನ್‌ಗೆ ಹೋಗುವಾಗ ಅವನ ಕುದುರೆಗೆ ಕಣ್ಣುನೋವು ಬಂತಂತೆ. ದಾರಿಯ ಛತ್ರದ ಲಾಯದವನು ಒಂದು ಚಕಮಕಿ ಕಲ್ಲನ್ನು ಕೆಂಡದಲ್ಲಿ ಕಾಯಿಸಿ, ಪುಡಿಮಾಡಿ ಕುದುರೆಯ ಕಣ್ಣಿಗೆ ಊದಿದನಂತೆ. ಕರಿ ಕಲ್ಲು ಸುಟ್ಟ ಮೇಲೆ ಹಾಲಿನಷ್ಟು ಬೆಳ್ಳಗಾದದ್ದನ್ನು ಆಸ್ಟ್‌ಬರಿ ಗಮನಿಸಿದ, ಊರಿಗೆ ಬಂದು ಅದನ್ನು ಮಣ್ಣಿಗೆ ಬೆರೆಸಿದ. ಕುದುರೆಯ ಕಥೆ ಕಟ್ಟುಕಥೆಯೇ ಇರಬೇಕು, ಆದರೆ 1720ರ ಹೊತ್ತಿಗೆ ಚಕಮಕಿ ಪುಡಿ ಬೆರೆತ ಬಿಳಿ ಪಾತ್ರೆಗಳು ಬಂದದ್ದು ನಿಜ. ಅವಕ್ಕೆ ಮೊದಮೊದಲು ಉಪ್ಪಿನ ಮೆರುಗು: ಆವಿಗೆ ಕೆಂಪೇರಿ ಉರಿಯುವಾಗ ಮೇಲಿನಿಂದ ಉಪ್ಪು ಸುರಿದರೆ ಅದರ ಆವಿ ಮಣ್ಣಿನ ಮೈಗೆ ಗಾಜಿನಂತೆ ಹತ್ತಿಕೊಳ್ಳುತ್ತದೆ. ಆ ಪಾತ್ರೆಗಳು ನಮ್ಮ ಮನೆಗಳ ಉಪ್ಪಿನಕಾಯಿ ಭರಣಿಯ ಹಾಗೆ ಸ್ಟೋನ್‌ವೇರ್ ಜಾತಿಯವು. ಅವುಗಳ ಬಿಳಿ ದಾಯಾದಿಗಳು ಎನ್ನಿ.

ಆ ಪುಡಿಗೆ ಬೇರೊಂದು ಮುಖವೂ ಇತ್ತು. ಒಣ ಚಕಮಕಿಯನ್ನು ಬೀಸುವವರ ಶ್ವಾಸಕೋಶದಲ್ಲಿ ಧೂಳು ಕೂತು ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. 1726ರಲ್ಲೇ ಥಾಮಸ್ ಬೆನ್ಸನ್ ಎಂಬವನು ನೀರಿನಲ್ಲಿ ಮುಳುಗಿಸಿ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೀಸುವ ಕೋಣೆಯ ಸಾವು ಕಡಿಮೆಯಾಯಿತು. ಕಾರ್ಖಾನೆಯ ಉಳಿದ ಕೋಣೆಗಳಲ್ಲಿ ‘ಕುಂಬಾರರ ಕೊಳೆರೋಗ’ ಮುಂದಿನ ಇನ್ನೂರು ವರ್ಷ ಹಾಗೇ ಉಳಿಯಿತು.

ಈಗ ವೆಜ್‌ವುಡ್. ಪಾಟರೀಸ್ ಎಂದ ಕೂಡಲೇ ಎಲ್ಲರೂ ಜೊಸಾಯಾ ವೆಜ್‌ವುಡ್ ಹೆಸರು ಹೇಳುತ್ತಾರೆ, ಅವನೊಬ್ಬನೇ ಎಲ್ಲ ಮಾಡಿದ ಹಾಗೆ. ಅದು ಸ್ವಲ್ಪ ಅತಿಯಾಯಿತು. 1762ರಲ್ಲಿ ಒಳ್ಳೆಯ ರಸ್ತೆ ಬೇಕೆಂದು ಸಂಸತ್ತಿಗೆ ಹೋದ ಅರ್ಜಿಯಲ್ಲಿ ಬರ್ಸ್ಲೆಮ್ ಸುತ್ತ ನೂರಕ್ಕೂ ಹೆಚ್ಚು ಕುಂಬಾರಿಕೆ ಘಟಕಗಳಿವೆ, 7000 ಜನ ಬದುಕುತ್ತಿದ್ದಾರೆ ಎಂದು ಬರೆದಿದೆ. ಅರ್ಜಿ ಬರೆಯುವವರು ಅಂಕಿಯನ್ನು ಕೊಂಚ ಉಬ್ಬಿಸುವುದು ಎಲ್ಲ ದೇಶದಲ್ಲೂ ಇದ್ದದ್ದೇ, ಆದರೂ ಅವನು ದೊಡ್ಡ ಹೆಸರಾಗುವ ಮೊದಲೇ ಅಲ್ಲಿ ಉದ್ಯಮ ಕುದಿಯುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ಅವನದು ಬೇರೆ ತರದ ಜಾಣತನ. 1730ರಲ್ಲಿ ಕುಂಬಾರರ ಮನೆಯಲ್ಲೇ ಹುಟ್ಟಿದ. ಚಿಕ್ಕವನಿದ್ದಾಗ ಸಿಡುಬು ಬಂದು ಬಲಗಾಲು ಕೆಟ್ಟಿತು. 1768ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಕಾಲಿನಿಂದ ತಿಗರಿ ತುಳಿಯಲು ಆಗದವನು ಮಣ್ಣು, ಬಣ್ಣ, ಮೆರುಗಿನ ಪ್ರಯೋಗಕ್ಕೆ ಕೂತ. ಕೆನೆಬಣ್ಣದ ಪಾತ್ರೆಯನ್ನು ಅವನು ಕಂಡುಹಿಡಿದದ್ದಲ್ಲ, ಹದಗೊಳಿಸಿದ. 1765ರಲ್ಲಿ ರಾಣಿ ಷಾರ್ಲೆಟ್‌ಗೆ ಅದರಲ್ಲಿ ಚಹಾದ ಸೆಟ್ ಮಾಡಿಕೊಟ್ಟು, ಆ ಮಣ್ಣಿಗೇ ‘ಕ್ವೀನ್ಸ್ ವೇರ್’ ಎಂದು ಹೆಸರಿಟ್ಟ. ರಾಣಿ ಉಂಡ ತಟ್ಟೆಯಲ್ಲಿ ತಾವೂ ಉಣ್ಣಬೇಕೆಂದು ವರ್ತಕರ ಮನೆಯವರಿಗೆಲ್ಲ ಆಸೆ ಹತ್ತಿತು. ಇದಕ್ಕೆ ಕಾರಣ ಪಾತ್ರೆಯ ಚೆಂದವೋ ಅದು ಅರಮನೆಯ ದಾರಿಯಲ್ಲಿ ಬಂದದ್ದೋ ಎಂದು ಅವನೇ ತನ್ನ ಪಾಲುದಾರ ಬೆಂಟ್ಲಿಗೆ ಪತ್ರ ಬರೆದು ಸೋಜಿಗಪಟ್ಟಿದ್ದಾನೆ. ರಷ್ಯಾದ ಕ್ಯಾಥರೀನ್ ರಾಣಿಗೆ 1774ರಲ್ಲಿ ಮುಗಿಸಿಕೊಟ್ಟ ಊಟದ ಸೆಟ್ಟಿನಲ್ಲಿ 952 ಪಾತ್ರೆಗಳು, ಒಂದೊಂದರ ಮೇಲೂ ಒಂದು ಕಪ್ಪೆಯ ಗುರುತು.

ನನ್ನ ಮಟ್ಟಿಗೆ ಅವನ ದೊಡ್ಡ ಕೆಲಸ ಪಾತ್ರೆಯಲ್ಲ, ಕಾಲುವೆ. ಟ್ರೆಂಟ್ ಮತ್ತು ಮರ್ಸಿ ಕಾಲುವೆಗಾಗಿ ಊರೂರು ಅಲೆದು ದುಡ್ಡು, ಬೆಂಬಲ ಕೂಡಿಸಿದವರಲ್ಲಿ ಅವನು ಮುಂದಾಳು. 1766ರ ಜುಲೈಯಲ್ಲಿ ಮೊದಲ ಗುದ್ದಲಿ ಹಾಕಿದವನೂ ಅವನೇ. ಜೇಮ್ಸ್ ಬ್ರಿಂಡ್ಲಿ ಇಂಜಿನಿಯರ್. ಕಾಲುವೆ ಮುಗಿದದ್ದು 1777ರಲ್ಲಿ, ಬ್ರಿಂಡ್ಲಿ ತೀರಿಕೊಂಡು ಐದು ವರ್ಷದ ಮೇಲೆ. ನಡುವೆ ಹೇರ್‌ಕಾಸಲ್ ಗುಡ್ಡವನ್ನು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಕೊರೆಯಬೇಕಾಯಿತು. ಸುರಂಗ ಎಷ್ಟು ಇಕ್ಕಟ್ಟೆಂದರೆ ಕುದುರೆಗೆ ಜಾಗವಿಲ್ಲ. ದೋಣಿಯವರು ಅಂಗಾತ ಮಲಗಿ ಗೋಡೆಯನ್ನು ಕಾಲಿನಿಂದ ಒದೆಯುತ್ತಾ ಕತ್ತಲೆಯಲ್ಲಿ ದೋಣಿ ಸಾಗಿಸುತ್ತಿದ್ದರು. ಕಾರ್ನ್‌ವಾಲ್‌ನ ಮಣ್ಣು ಈಗ ಕಾರ್ಖಾನೆಯ ಬಾಗಿಲಿಗೇ ಬಂದು ಇಳಿಯತೊಡಗಿತು, ಪಾತ್ರೆಗಳು ಒಡೆಯದೆ ಲಿವರ್‌ಪೂಲ್ ಬಂದರಿಗೆ ಹೋಗತೊಡಗಿದವು. ವೆಜ್‌ವುಡ್‌ನ ಹೊಸ ಕಾರ್ಖಾನೆ ಎಟ್ರೂರಿಯಾ 1769ರಲ್ಲಿ ಶುರುವಾದದ್ದು ಇದೇ ಕಾಲುವೆಯ ದಂಡೆಯಲ್ಲಿ. ಮೊದಲು ಜಾಗ ಹಿಡಿದು ಆಮೇಲೆ ಕಾಲುವೆ ತರಿಸಿಕೊಳ್ಳುವ ವಿದ್ಯೆ ನಮ್ಮ ರಾಜಕಾರಣಿಗಳ ಶೋಧ ಅಂದುಕೊಂಡಿದ್ದರೆ, ಅಲ್ಲ.

ಬೋನ್ ಚೈನಾ ವೆಜ್‌ವುಡ್‌ನದಲ್ಲ. ಅದನ್ನು 1790ರ ದಶಕದಲ್ಲಿ ಹದಕ್ಕೆ ತಂದವರು ಸ್ಟೋಕ್‌ನ ಜೊಸಾಯಾ ಸ್ಪೋಡ್, ಮತ್ತು ಅದೇ ಹೆಸರಿನ ಅವನ ಮಗ. ಅರ್ಧ ಮೂಳೆ ಬೂದಿ, ಕಾಲು ಚೈನಾ ಕ್ಲೇ, ಕಾಲು ಕಾರ್ನ್‌ವಾಲ್‌ನ ಕಲ್ಲಿನ ಪುಡಿ ಎಂಬ ಅವರ ಪಾಕವೇ ಇಂದಿಗೂ ಹೆಚ್ಚುಕಡಿಮೆ ನಡೆದು ಬಂದಿದೆ.

ನಿಮ್ಮ ತಟ್ಟೆಗೆ ಹತ್ತಿರವಾದದ್ದು ಸ್ಪೋಡ್‌ನ ಇನ್ನೊಂದು ಕೆಲಸ: 1784ರ ಸುಮಾರಿಗೆ ಮೆರುಗಿನ ಕೆಳಗೆ ನೀಲಿ ಚಿತ್ರ ಅಚ್ಚೊತ್ತುವ ವಿಧಾನವನ್ನು ಅವನು ಪಳಗಿಸಿದ. ತಟ್ಟೆಯನ್ನು ಕೈಗೆತ್ತಿಕೊಂಡು ಅಂಚಿನ ನೀಲಿ ಪಟ್ಟಿಯನ್ನು ಸುತ್ತಲೂ ನಿಧಾನವಾಗಿ ನೋಡಿ. ಎಲ್ಲೋ ಒಂದು ಕಡೆ ಬಳ್ಳಿ ತುಂಡಾಗಿ, ಅರ್ಧ ಹೂವಿಗೆ ಇನ್ನಾವುದೋ ಅರ್ಧ ಹೂವು ಅಂಟಿರುತ್ತದೆ. ಅದು ತಪ್ಪಲ್ಲ, ಕಾಗದದ ಕೂಡುಗೆರೆ. ತಾಮ್ರದ ಫಲಕದಲ್ಲಿ ಚಿತ್ರ ಕೆತ್ತಿ, ಅದನ್ನು ಬಿಸಿಮಾಡಿ, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಬಣ್ಣ ತೀಡಿ, ಸಾಬೂನು ನೀರು ಸವರಿದ ತೆಳು ಕಾಗದಕ್ಕೆ ಚಿತ್ರ ಇಳಿಸುತ್ತಿದ್ದರು. ಹುಡುಗಿಯೊಬ್ಬಳು ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತಾಳೆ, ಇನ್ನೊಬ್ಬಳು ಒಮ್ಮೆ ಸುಟ್ಟ ತಟ್ಟೆಯ ಮೇಲೆ ಅದನ್ನು ಹಾಸಿ ಬಿರುಸು ಬ್ರಷ್ಷಿನಿಂದ ಗಸಗಸ ಉಜ್ಜುತ್ತಾಳೆ. ಆಮೇಲೆ ನೀರಲ್ಲಿ ಅದ್ದಿದರೆ ಕಾಗದ ಹೋಗಿ ಬಣ್ಣ ಉಳಿಯುತ್ತದೆ. ನಿಮ್ಮ ತಟ್ಟೆಯ ಆ ಕೂಡುಗೆರೆ ಹೆಸರು ಗೊತ್ತಿಲ್ಲದ ಒಬ್ಬ ಹೆಣ್ಣುಮಗಳ ಕತ್ತರಿ ಗುರುತು.

ಚಿತ್ರದಲ್ಲಿ ಸೇತುವೆ ಮೇಲೆ ಮೂವರು, ಬಾಗಿದ ಮರ, ದೋಣಿ, ಆಕಾಶದಲ್ಲಿ ಎರಡು ಹಕ್ಕಿ ಇದ್ದರೆ ಅದು ‘ವಿಲ್ಲೋ’ ವಿನ್ಯಾಸ. ಸಾಹುಕಾರನ ಮಗಳು ಗುಮಾಸ್ತನ ಜೊತೆ ಓಡಿಹೋಗಿ, ಕೊನೆಗೆ ಇಬ್ಬರೂ ಹಕ್ಕಿಗಳಾದ ಚೀನೀ ಕಥೆ ಅದು ಎನ್ನುತ್ತಾರೆ. ಚೀನಾಕ್ಕೂ ಆ ಕಥೆಗೂ ಸಂಬಂಧವಿಲ್ಲ. ಚೀನೀ ಪಾತ್ರೆಗಳನ್ನು ನೋಡಿ ಇಂಗ್ಲಿಷಿನವರು ಚಿತ್ರ ಹೊಂದಿಸಿದರು, ಮಾರಾಟಕ್ಕಾಗಿ ಕಥೆಯನ್ನು ಆಮೇಲೆ ಹೊಸೆದರು.

ಇಷ್ಟೆಲ್ಲ ಆದದ್ದು ಬಾಟಲಿ ಆವಿಗೆಗಳ ಸುತ್ತ. ಇಟ್ಟಿಗೆಯ ದೈತ್ಯ ಬಾಟಲಿಯಂತೆ ಕಾಣುವುದು ಹೊರಗಿನ ಹೊಗೆಗೂಡು ಅಷ್ಟೇ. ನಿಜವಾದ ಆವಿಗೆ ಅದರ ಹೊಟ್ಟೆಯಲ್ಲಿ ದುಂಡನೆಯ ಕೋಣೆಯಾಗಿ ಇರುತ್ತದೆ. ಹೊಗೆ, ಬೂದಿ ತಾಗದಿರಲೆಂದು ಪಾತ್ರೆಗಳನ್ನು ‘ಸ್ಯಾಗರ್’ ಎಂಬ ಒರಟು ಮಣ್ಣಿನ ಡಬ್ಬಗಳಲ್ಲಿಟ್ಟು ಒಂದರ ಮೇಲೊಂದು ಪೇರಿಸುತ್ತಿದ್ದರು, ದೊಡ್ಡ ಆವಿಗೆಗೆ ಸಾವಿರಕ್ಕೂ ಮಿಕ್ಕಿ. ಹೊರುವವರು ತಲೆಗೆ ಹಳೆ ಕಾಲುಚೀಲ ಸುತ್ತಿದ ಸಿಂಬಿ ಇಟ್ಟುಕೊಂಡು, ಸ್ಯಾಗರ್ ಹೊತ್ತು ಏಣಿ ಹತ್ತುತ್ತಿದ್ದರು. ಸ್ಯಾಗರ್‌ನ ತಳಕ್ಕೆ ಮಣ್ಣು ಬಡಿದು ಹಾಸುವುದಕ್ಕೇ ಒಬ್ಬ ಹುಡುಗ. ಅವನ ಹುದ್ದೆಯ ಹೆಸರು ‘ಸ್ಯಾಗರ್ ಮೇಕರ್ಸ್ ಬಾಟಮ್ ನಾಕರ್’. ಇಂಗ್ಲಿಷರು ಈಗಲೂ ಈ ಹೆಸರು ಹೇಳಿ ನಗುತ್ತಾರೆ. ತುಂಬಿದ ಮೇಲೆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿ, ಸುತ್ತಲಿನ ಒಲೆಬಾಯಿಗಳಿಗೆ ಕಲ್ಲಿದ್ದಲು ಹಾಕುತ್ತಾ ಎರಡು ಮೂರು ದಿನ ಉರಿಸಬೇಕು. ಉರಿಯ ಉಸ್ತುವಾರಿ ‘ಫೈರ್‌ಮನ್’ನದು. ಅಷ್ಟು ಹೊತ್ತೂ ಅವನಿಗೆ ಮನೆಯಿಲ್ಲ, ನಿದ್ದೆಯಿಲ್ಲ. ಅವನ ಲೆಕ್ಕ ತಪ್ಪಿದರೆ ಒಂದು ಆವಿಗೆ ಮಾಲು ಪೂರ್ತಿ ಹಾಳು.

ಹಾಳಾದರೆ ನಷ್ಟ ಯಾರಿಗೆ? ‘ಆವಿಗೆಯಿಂದ ಸರಿಯಾಗಿ ಬಂದದ್ದಕ್ಕೆ ಮಾತ್ರ ಕೂಲಿ’ ಎಂಬುದು ಅಲ್ಲಿನ ಕಟ್ಟಳೆ. ತಟ್ಟೆ ಮಾಡಿದವನು ಚೆನ್ನಾಗಿಯೇ ಮಾಡಿರುತ್ತಾನೆ, ಪೇರಿಸಿದವನೋ ಉರಿಸಿದವನೋ ಕೆಡಿಸಿರುತ್ತಾನೆ, ಆದರೆ ಕೂಲಿ ಹೋಗುವುದು ಮಾಡಿದವನದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವಲ್ಲ, ಅಲ್ಲಿ ದೊಣ್ಣೆ ಮಾಲೀಕರ ಕೈಯಲ್ಲಿತ್ತು. ಈ ಪದ್ಧತಿಯ ವಿರುದ್ಧ ಕೆಲಸಗಾರರು ಹತ್ತಾರು ವರ್ಷ ಜಗಳವಾಡಿದರು. 1842ರ ಆಗಸ್ಟ್‌ನಲ್ಲಿ ಹೊಟ್ಟೆಗಿಲ್ಲದ ಗಣಿಯವರೂ ಕುಂಬಾರರೂ ಬೀದಿಗಿಳಿದಾಗ ಬರ್ಸ್ಲೆಮ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು.

ಮಕ್ಕಳ ಪಾಡು ಇನ್ನೂ ಕೆಟ್ಟದ್ದು. 1841ರಲ್ಲಿ ಸ್ಯಾಮ್ಯುಯಲ್ ಸ್ಕ್ರಿವೆನ್ ಎಂಬ ಸರ್ಕಾರಿ ತನಿಖಾಧಿಕಾರಿ ಕಾರ್ಖಾನೆಗಳನ್ನು ಸುತ್ತಿ ಮಕ್ಕಳ ಹೇಳಿಕೆಗಳನ್ನೇ ಬರೆದುಕೊಂಡ. ‘ಅಚ್ಚು ಓಟಗಾರ’ ಎಂಬ ಕೆಲಸದ ಹುಡುಗರು ಹಸಿ ತಟ್ಟೆ ಕೂತ ಅಚ್ಚನ್ನು ಕುಂಬಾರನ ಬಳಿಯಿಂದ ಬೆಂಕಿ ಕಾಯಿಸಿದ ಒಣಕೋಣೆಗೆ ಒಯ್ದಿಟ್ಟು, ಬರಿ ಅಚ್ಚು ಹಿಡಿದು ಮತ್ತೆ ಓಡಿ ಬರಬೇಕು. ಬೆಳಗಿನಿಂದ ರಾತ್ರಿಯವರೆಗೆ ಇದೇ ಓಟ. ಕಾರ್ಖಾನೆ ಕಾಯಿದೆ ಪಾಟರೀಸ್‌ಗೆ ಅನ್ವಯವಾದದ್ದು 1864ರಲ್ಲಿ. ಮೆರುಗಿನ ತೊಟ್ಟಿಯಲ್ಲಿ ಪಾತ್ರೆ ಅದ್ದುವವರಿಗೆ ಸೀಸದ ವಿಷ ಏರುವುದು ಇಪ್ಪತ್ತನೇ ಶತಮಾನಕ್ಕೂ ಮುಂದುವರಿಯಿತು: ಕೈ ಜೋತುಬೀಳುವುದು, ಕಣ್ಣು ಹೋಗುವುದು, ಗರ್ಭ ಇಳಿಯುವುದು.

ತಟ್ಟೆಯ ವಯಸ್ಸು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಮದು ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಕಾನೂನು ಮಾಡಿದ್ದರಿಂದ 1891ರ ಸುಮಾರಿನಿಂದ ಪಾತ್ರೆಗಳ ಬೆನ್ನಿಗೆ ‘ಇಂಗ್ಲೆಂಡ್’ ಎಂದು ಬರತೊಡಗಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ ಇಪ್ಪತ್ತನೇ ಶತಮಾನದ್ದು. ನಿಮ್ಮ ದೊರೆ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅದನ್ನು ತರಿಸಿದ್ದರೆ ಒಂದು ತಮಾಷೆ ಇದೆ: ಯುದ್ಧಕಾಲದಿಂದ 1952ರವರೆಗೆ ಬಣ್ಣದ ಪಾತ್ರೆಗಳು ರಫ್ತಿಗೆ ಮಾತ್ರ ಎಂಬ ನಿಯಮವಿತ್ತು. ಬರ್ಸ್ಲೆಮ್‌ನ ಮನೆಗಳಲ್ಲಿ ಬೋಳು ಬಿಳಿ ತಟ್ಟೆ, ನಮ್ಮ ಮಲೆನಾಡಿನ ಬಂಗಲೆಯಲ್ಲಿ ನೀಲಿ ಹಕ್ಕಿ.

ಇನ್ನು ಕೊನೆಯ ಪ್ರಶ್ನೆ. ಒಂದು ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬಾಟಲಿ ಆವಿಗೆಗಳು ಹೊಗೆ ಉಗುಳುತ್ತಿದ್ದವು. ವೆಜ್‌ವುಡ್ ಕಂಪನಿ 1940ರಲ್ಲಿ ಬಾರ್ಲಸ್ಟನ್‌ಗೆ ಹೋಗಿ ವಿದ್ಯುತ್ ಒಲೆ ಹಾಕಿಕೊಂಡಿತು. 1956ರ ಶುದ್ಧಗಾಳಿ ಕಾಯಿದೆ ಬಂದ ಮೇಲೆ ಉಳಿದವರೂ ವಿದ್ಯುತ್ತಿಗೆ, ಅನಿಲಕ್ಕೆ ಹೊರಳಿದರು. ಕೊನೆಯ ಬಾರಿ ಕಲ್ಲಿದ್ದಲಿನ ಆವಿಗೆ ಹೊತ್ತಿಸಿದ್ದು 1978ರಲ್ಲಿ, ಲಾಂಗ್ಟನ್‌ನ ಗ್ಲ್ಯಾಡ್‌ಸ್ಟೋನ್ ಮ್ಯೂಸಿಯಂನವರು, ಹಳಬರ ಕೈಯಿಂದ ಆ ವಿದ್ಯೆಯನ್ನು ದಾಖಲಿಸಿಕೊಳ್ಳಲಿಕ್ಕೆ. ಇಂದು ನಿಂತಿರುವ ಬಾಟಲಿಗಳು ಐವತ್ತಕ್ಕೂ ಕಡಿಮೆ.

ಉರಿ ಬದಲಾದ ಮೇಲೆ ಆ ಊರಿನಲ್ಲೇ ಇರಬೇಕೆಂಬ ಕಾರಣವೂ ಸಡಿಲಾಯಿತು. ಅನಿಲದ ಕೊಳವೆ ಎಲ್ಲಿಗೂ ಹೋಗುತ್ತದೆ. ಕೂಲಿ ಇಂಡೋನೇಷ್ಯಾ, ಚೀನಾಗಳಲ್ಲಿ ಅಗ್ಗ. ಬರ್ಸ್ಲೆಮ್‌ನ ರಾಯಲ್ ಡೌಲ್ಟನ್ ಕಾರ್ಖಾನೆ 2005ರಲ್ಲಿ ಮುಚ್ಚಿತು. 2008ರ ಕೊನೆಗೆ ಸ್ಪೋಡ್ ದಿವಾಳಿಯ ದಾರಿ ಹಿಡಿಯಿತು, 2009ರ ಜನವರಿಯಲ್ಲಿ ವೆಜ್‌ವುಡ್. ಹೆಸರುಗಳನ್ನು ಬೇರೆಯವರು ಕೊಂಡರು. ವೆಜ್‌ವುಡ್ ಈಗ ಫಿನ್ಲೆಂಡಿನ ಫಿಸ್ಕರ್ಸ್ ಕೈಯಲ್ಲಿದೆ. ನಮ್ಮಲ್ಲಿ ಬಚ್ಚಲುಮನೆ ಗೋಡೆಗೆ ಹಚ್ಚುವ ಜಾನ್ಸನ್ ಟೈಲ್ಸ್‌ನ ಹೆಸರೂ ಇದೇ ಸೀಮೆಯದು: 1958ರಲ್ಲಿ ಶುರುವಾದ ಭಾರತದ ಕಂಪನಿ ಅಲ್ಲಿನ ಎಚ್ ಅಂಡ್ ಆರ್ ಜಾನ್ಸನ್‌ನ ಹೆಸರು ಹೊತ್ತದ್ದು. ಟನ್‌ಸ್ಟಾಲ್‌ನ ಮೂಲ ಕಂಪನಿ 2024ರಲ್ಲಿ ಅಲ್ಲಿ ಟೈಲ್ಸ್ ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಅನಿಲದ ಬಿಲ್ಲು ಕಟ್ಟಲಾಗದೆ ಸೋತವರು ಇತ್ತೀಚೆಗೆ ಇನ್ನೂ ಹಲವರಿದ್ದಾರೆ.

ಆದರೂ ಪೂರ್ತಿ ಮುಗಿದಿಲ್ಲ. ಬರ್ಸ್ಲೆಮ್‌ನ ಮಿಡಲ್‌ಪೋರ್ಟ್ ಕಾರ್ಖಾನೆಯಲ್ಲಿ ಬರ್ಲಿ ಎಂಬ ಕಂಪನಿ ಇಂದಿಗೂ ಮೇಲೆ ಹೇಳಿದ ಕಾಗದದ ಅಚ್ಚಿನಿಂದಲೇ ನೀಲಿ ಚಿತ್ರ ಇಳಿಸುತ್ತದೆ. ಸ್ಟೀಲೈಟ್, ಚರ್ಚಿಲ್ ಕಂಪನಿಗಳು ಹೋಟೆಲುಗಳಿಗೆ ಗಟ್ಟಿ ಪಾತ್ರೆ ಮಾಡುತ್ತವೆ. ಮುಂದಿನ ಸಲ ದೊಡ್ಡ ಹೋಟೆಲಿನಲ್ಲಿ ಕಾಫಿ ಕುಡಿದಾದ ಮೇಲೆ ಸಾಸರ್ ಮಗುಚಿ ನೋಡಿ, ಆ ಹೆಸರುಗಳು ಸಿಕ್ಕರೂ ಸಿಗಬಹುದು.

ತಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮೂಳೆಯ ಭಯ ಬೇಡ, ಆದರೆ ಆ ಕಾಲದ ಮೆರುಗಿನಲ್ಲಿ ಸೀಸ ಇದ್ದಿರಬಹುದು. ಮೇಲ್ಮೈಯಲ್ಲಿ ಜೇಡರಬಲೆಯಂಥ ಬಿರುಕು ಬಿಟ್ಟಿದ್ದರಂತೂ ಹುಣಸೆಹುಳಿ, ನಿಂಬೆಹಣ್ಣು, ಉಪ್ಪಿನಕಾಯಿ ಅದಕ್ಕೆ ತಾಗಿಸಬೇಡಿ. ಹುಳಿ ಸೀಸವನ್ನು ಎಳೆದು ತರುತ್ತದೆ. ಮೈಕ್ರೋವೇವ್‌ಗೂ ಇಡಬೇಡಿ. ಗೋಡೆಗೆ ತೂಗುಹಾಕುವುದಾದರೆ ಅದಕ್ಕೂ ಮೊದಲು ಬೆನ್ನಿನ ಚಿತ್ರ ಒಂದು ತೆಗೆದಿಟ್ಟುಕೊಳ್ಳಿ. ಅಂಚಿನ ಹತ್ತಿರ ಸಾಸಿವೆಕಾಳಿನಷ್ಟು ದೊಡ್ಡ ಒರಟು ಚುಕ್ಕೆಗಳು ಮೂರು ಮೂರಾಗಿ ಕೈಗೆ ಹತ್ತುತ್ತವೆ. ಮೆರುಗು ಸುಡುವಾಗ ತಟ್ಟೆ ಸ್ಯಾಗರ್‌ನೊಳಗೆ ಮಣ್ಣಿನ ಮೊಳೆಗಳ ಮೇಲೆ ಕೂತಿದ್ದ ಜಾಗ ಅದು. ಮುದ್ರೆಯ ಬಳಿ ‘ಆರ್.ಡಿ. ನಂ.’ ಎಂದು ಅಂಕಿ ಏನಾದರೂ ಇದ್ದರೆ ಬರೆದು ಕಳಿಸಿ, ಆ ಆಕಾರವೋ ವಿನ್ಯಾಸವೋ ನೋಂದಣಿಯಾದ ವರ್ಷ ಹೇಳಬಹುದು.